ಪತ್ನಿಯ ಹೆಸರಿನ ಸಾಲು

"ಹೆಸರು ಹೇಳಿ," ಎಂದು ಇಬೊಯಾ ಟೈಪ್‌ರೈಟರಿನಿಂದ ತಲೆ ಎತ್ತಿದಳು.

ಎದುರಿಗೆ ದೇಜೊ ನಿಂತಿದ್ದ! ಅವಳು ಪ್ರೀತಿಸಿದವನು; ಒಂದೂವರೆ ವರ್ಷದ ಹಿಂದೆ ತನ್ನನ್ನು ಸೈನ್ಯದ ಬಲವಂತದ ಕೂಲಿ ಪಡೆಗೆ ಎಳೆದೊಯ್ದ ಮೇಲೆ ಅವಳಿಗೆ ಒಂದು ಸಾಲನ್ನೂ ಬರೆಯದಿದ್ದವನು.

1944ರ ಚಳಿಗಾಲದಲ್ಲಿ ಬುಡಾಪೆಸ್ಟಿನ ಆ ವಿದೇಶಿ ರಾಯಭಾರ ಕಚೇರಿ ಕೊಡುವ ರಕ್ಷಣಾ ಪತ್ರ ಕೈಯಲ್ಲಿದ್ದರೆ ಯಹೂದಿಗಳಿಗೆ ಬದುಕುವ ಆಸೆ. ಇಲ್ಲದಿದ್ದರೆ ಚಳಿಯಲ್ಲಿ ಬಂದೂಕಿನ ಕಾವಲಲ್ಲಿ ಗಡಿಯವರೆಗೆ ನಡಿಗೆ, ಆಮೇಲೆ ಏನೋ ಯಾರಿಗೂ ಗೊತ್ತಿಲ್ಲ. ಇಬೊಯಾಳೂ ಯಹೂದಿಯೇ. ಆ ಪತ್ರಗಳನ್ನು ಟೈಪ್ ಮಾಡುವ ಕೆಲಸವೇ ಅವಳ ಜೀವ ಉಳಿಸಿತ್ತು.

ದೇಜೊನ ಸೋದರಮಾವ ಆ ರಾಯಭಾರ ಕಚೇರಿಯ ದೇಶದಲ್ಲಿದ್ದ. ಹಾಗಾಗಿ ಅವನಿಗೂ ಅವನ ಹೆಂಡತಿಗೂ ಸೇರಿ ಒಂದು ಪತ್ರ ಸಿಗುತ್ತಿತ್ತು. ಇಬೊಯಾ ಅವನ ಅರ್ಜಿ ನೋಡಿದಳು.

ಪತ್ನಿ: ಬ್ಲಾಂಕಾ.

'ಓಹೋ... ಕಾಗದ ಬರೆಯಲು ಪುರುಸೊತ್ತಿಲ್ಲದವನಿಗೆ ಮದುವೆಯಾಗಲು ಪುರುಸೊತ್ತಿತ್ತು!' ಅವಳು ಕೈ ಚಾಚಿದಳು.

"ಮದುವೆ ದಾಖಲೆ ಕೊಡಿ."

"ಇಬಿ, ನನಗೆ 'ಕೊಡಿ' ಅಂತೀಯಾ?"

"ದಾಖಲೆ ಇಲ್ದೆ ಹೆಂಡತಿ ಹೆಸರು ಸೇರಿಸೋ ಹಾಗಿಲ್ಲ. ಎಲ್ಲಿದೆ?"

ಅವನು ಮೇಜಿನ ಮೇಲೆ ಬಾಗಿದ. "ಇಲ್ಲ. ಮದುವೆನೇ ಆಗಿಲ್ಲ."

ಅವಳು ಅವನ ಮುಖ ನೋಡಿದಳು.

"ನನ್ನ ಗೆಳೆಯ ಮಿಕ್ಷಾನ ಹೆಂಡತಿ ಅವಳು. ಪಡೆಯಲ್ಲಿ ಅವನು ನನ್ನ ತೋಳಲ್ಲೇ ಸತ್ತ. ಬ್ಲಾಂಕಾನ ನೋಡ್ಕೋ ಅಂದ... ಅವಳನ್ನ ಇಟ್ಟಿಗೆ ಕಾರ್ಖಾನೆಯಲ್ಲಿ ಕೂಡಿಹಾಕಿದಾರೆ. ನಾಳೆ ಬೆಳಿಗ್ಗೆ ಗಡಿಗೆ ನಡೆಸ್ತಾರಂತೆ."

"ಮತ್ತೆ ನನಗೆ ಯಾಕೆ ಬರೀಲಿಲ್ಲ?"

"ನಮ್ಮ ಹತ್ರ ಪೆನ್ಸಿಲ್ ಸಿಕ್ಕಿದ್ರೂ ಹೊಡೀತಿದ್ರು ಕಣೆ. ನಿನ್ನನ್ನ ಒಂದು ದಿನಾನೂ ಮರೆತಿಲ್ಲ."

ಇಬೊಯಾಳ ಕಣ್ಣು ತುಂಬಿತು. ಸುಳ್ಳು ಗೊತ್ತಾದರೆ ಕೆಲಸ ಹೋಗುತ್ತದೆ, ಅದರ ಜೊತೆ ತನ್ನ ರಕ್ಷಣೆಯೂ. ಭಯವಾಯಿತು. ಈ ಸಾಲಿನಲ್ಲಿ ತನ್ನ ಹೆಸರು ಇರಬೇಕಿತ್ತು ಎಂಬ ಆಸೆಯೂ ಎದೆಯಲ್ಲಿ ಚುಚ್ಚಿತು. ಆದರೂ ಒಂದೊಂದೇ ಅಕ್ಷರ ಒತ್ತಿ ಬ್ಲಾಂಕಾಳ ಹೆಸರನ್ನು ಟೈಪ್ ಮಾಡಿ ಮುಗಿಸಿದಳು.

ಪತ್ರವನ್ನು ಒಳಗಿನ ಅಧಿಕಾರಿಯ ಬಳಿಗೆ ಒಯ್ದಳು.

"ಮದುವೆ ದಾಖಲೆ ನೋಡಿದೆಯಾ?" ಅವರು ಪೆನ್ನು ಎತ್ತಿ ಕೇಳಿದರು.

"ನೋಡಿದೀನಿ ಸಾರ್. ಸರಿಯಾಗಿದೆ."

ಸಹಿ ಬಿತ್ತು, ಮೊಹರೂ ಬಿತ್ತು. ಅವಳು ಹೊರಬಂದು ಪತ್ರವನ್ನು ಅವನ ಕೈಗಿಟ್ಟಳು.

"ಸಿಕ್ಕಿಬಿದ್ರೆ ನಿನ್ನ ಗತಿ ಏನು, ಇಬಿ?"

"ನಿನ್ನ ಹೆಂಡತೀನ ಕರ್ಕೊಂಡು ಬಾ ಹೋಗು, ಕತ್ತಲಾಗೋ ಮುಂಚೆ."

ಅವನು ಕದಲಲಿಲ್ಲ. "ಇದೆಲ್ಲ ಮುಗಿದ ಮೇಲೆ... ನನ್ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ." ಅಳುತ್ತಲೇ ಅವಳು ನಕ್ಕಳು. "ಆದ್ರೆ ನಂಗೆ ದಾಖಲೆ ಬೇಕು. ಬರೀ ಬಾಯಿಮಾತು ನಂಬೋ ಟೈಪಿಸ್ಟ್ ಅಲ್ಲ ನಾನು."