ಹದಿನೇಳು ತೋಳಗಳ ಜಾಡಿನಲ್ಲಿ

ಹಳಿಯಾಳದಿಂದ ಜೋಯಿಡಾದವರೆಗಿನ ಕಾಡಿನಲ್ಲಿ ಹದಿನೇಳು ತೋಳಗಳನ್ನು ಒಬ್ಬನೇ, ಅದೂ ಬರಿಗೈಯಲ್ಲಿ, ಅದೂ ಒಂದು ಬೀಡಿ ಸೇದಿ ಮುಗಿಸುವಷ್ಟರೊಳಗೆ ಓಡಿಸಿದ ಗಂಡಸು ಯಾರಾದರೂ ಇದ್ದರೆ ಅವನು ಕುಬೇರ. ಹದಿನೆಂಟನೆಯ ತೋಳವೂ ಒಂದಿತ್ತು. ಅದು ಇವನ ಹೆಸರು ಕೇಳಿಯೇ ಅರ್ಧ ದಾರಿಯಿಂದ ತಿರುಗಿ ಗೋವಾ ಕಡೆಗೆ ಹೋಗಿಬಿಟ್ಟಿತು. ಮೂರು ತೋಳಗಳು ಕ್ಷಮೆ ಕೇಳಿದವು ಎಂದು ಹೇಳುವವರಿದ್ದಾರೆ. ನಾನು ಅಷ್ಟು ಉಬ್ಬಿಸಿ ಹೇಳುವವನಲ್ಲ. ಕೇಳಿದ್ದು ಎರಡೇ.

ಈ ಸುದ್ದಿಯನ್ನು ಕುಬೇರ ತಾಂಡಾಕ್ಕೆ ತಂದದ್ದು ಚಳಿಗಾಲದ ಒಂದು ಮಧ್ಯಾಹ್ನ. ಅಂಗಿ ಹರಿದಿತ್ತು, ಅದರ ಮೇಲೆ ರಕ್ತದ ಕಲೆಯೂ ಇತ್ತು. ಹಳಿಯಾಳ ಮತ್ತು ದಾಂಡೇಲಿಯ ನಡುವೆ, ಭತ್ತದ ಗದ್ದೆ ಮುಗಿದು ಸಾಗವಾನಿ ಮರಗಳು ಶುರುವಾಗುವ ಕಡೆ ಲಂಬಾಣಿಗರ ನಲವತ್ತು ಮನೆಗಳ ತಾಂಡಾ ಅದು. ನಲವತ್ತು ಮನೆಯೂ ಬಾಯಿ ತೆರೆದು ಕೇಳಿತು. ಕೆಲವರು ನಂಬಿದರು, ಕೆಲವರು ನಕ್ಕರು, ಎಲ್ಲರೂ ಚಹಾ ಕೊಟ್ಟರು.

ನಗು ನಿಂತದ್ದು ಆಮೇಲೆ. ಎಂಟು ದಿನದೊಳಗೆ ಕುಬೇರನ ಅಕ್ಕ ಚಾಂದಿಬಾಯಿಯ ಎರಡು ಕರುಗಳನ್ನು ಯಾವುದೋ ಪ್ರಾಣಿಗಳು ಹಾಡಹಗಲೇ ಹರಿದು ತಿಂದವು. ಗಂಡ ತೀರಿಕೊಂಡ ಮೇಲೆ ನಾಲ್ಕು ಆಕಳ ಹಾಲಿನ ಮೇಲೆಯೇ ಬದುಕು ಕಟ್ಟಿಕೊಂಡ ಹೆಂಗಸು ಅವಳು. ಈಗ ಉಳಿದದ್ದು ಒಂದೇ ಕರು. ಸತ್ತ ಎರಡನೆಯ ಕರುವಿನ ಅರ್ಧ ದೇಹ ಕೊಟ್ಟಿಗೆಯಿಂದ ಕೂಗಳತೆ ದೂರದಲ್ಲಿ ಬಿದ್ದಿತ್ತು. ಚಾಂದಿಬಾಯಿ ಅದರ ಪಕ್ಕದಲ್ಲಿ ಬೆಳೆಗೆ ಹೊಡೆಯುವ ವಿಷದ ಡಬ್ಬಿ ಇಟ್ಟುಕೊಂಡು ಕುಳಿತಿದ್ದಳು.

"ಇದರ ಮ್ಯಾಲೆ ಸುರವಿ ಬಿಡ್ತೇನಿ. ಉಳದದ್ದು ತಿನ್ನಾಕ ಬರ್ತಾವಲ್ಲ, ಬರ್ಲಿ" ಎಂದಳು.

"ಸುರವು" ಎಂದ ಥಾವರೆಪ್ಪ. ತಾಂಡಾದ ಹಿರಿಯ, ಎಪ್ಪತ್ತು ದಾಟಿದವ. ಬಂದೂಕು ಕೆಳಗಿಟ್ಟು ನಲವತ್ತು ವರ್ಷವಾಗಿದ್ದರೂ ಬೇಟೆಗಾರನ ಗತ್ತು ಕೆಳಗಿಟ್ಟಿರಲಿಲ್ಲ. "ಹದಿನೇಳು ತೋಳ ಅಂದ್ರ ಸಣ್ಣ ಮಾತಲ್ಲ. ಒಮ್ಮಿ ಕರುವಿನ ರುಚಿ ಹತ್ತಿತಂದ್ರ ಮುಗೀತು. ತೆಗದs ಬಿಡಬೇಕು."

"ಯಾ ತೋಳ ತೆಗೀತೀ? ಮೊದಲ ತೋಳ ತೋರಸು" ಎಂದ ಲಗಮಪ್ಪ.

ಲಗಮಪ್ಪ ದಾಂಡೇಲಿಯ ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತನಾದವ. ಹುಟ್ಟಿದ್ದು ಸವದತ್ತಿ ಕಡೆಯ ಕುರಿಗಾರರ ಮನೆಯಲ್ಲಿ. ಹರೆಯದಲ್ಲಿ ಅವನೂ ಥಾವರೆಪ್ಪನೂ ಕೂಡಿ ಕದ್ದು ಒಂಬೈನೂರು ಹಂದಿ ಹೊಡೆದಿದ್ದರು. ಸಾಕ್ಷಿ ಕೇಳಬೇಡಿ. ಈಗ ಕೂಡಿ ಮಾಡುವುದು ಜಗಳ ಮಾತ್ರ.

"ತೋಳ ಬಯಲಿನ ಪ್ರಾಣಿ, ಥಾವರೆಪ್ಪಾ. ಇಂಥಾ ದಟ್ಟ ಅಡವ್ಯಾಗ ಅದಕ್ಕೇನ ಕೆಲಸ? ಮತ್ತ ತೋಳನs ಅಂತ ಇಟ್ಕೊ. ನಮ್ಮಪ್ಪ ವರ್ಷಕ್ಕ ಒಂದು ಕುರಿ ತೋಳದ ಪಾಲು ಅಂತ ಬಿಡ್ತಿದ್ದ. ದೊಡ್ಡೂ ಎರಡು ಕೊಂದ್ರ ಹಿಂಡು ಒಡೀತೈತಿ. ಬೇಟಿ ಕಲೀದ ಮರಿಗೋಳು ದಿಕ್ಕಾಪಾಲಾಗಿ ಸಿಕ್ಕಸಿಕ್ಕ ಹಟ್ಟಿಗೆ ಬೀಳ್ತಾವ. ಒಂದು ಕುರಿ ಹೋಗೂದಲ್ಲೆ ಹತ್ತು ಹೋಗ್ತಾವ."

"ಅದು ನಿಮ್ಮ ಊರ ಶಾಸ್ತ್ರ."

"ಹೌದು, ನಿಮ್ಮ ಊರಾಗ ಶಾಸ್ತ್ರನs ಇಲ್ಲ."

ಚಾಂದಿಬಾಯಿ ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು. "ನೀವಿಬ್ರೂ ಬಡದಾಡೂದ್ರಾಗ ನನ್ನ ಮೂರನೇ ಕರು ಹೋಗ್ತೈತಿ. ನಾಳೆ ಹೊತ್ತು ಮುಳುಗೂದ್ರೊಳಗ ಕಣ್ಣಾರೆ ನೋಡಿ ಬರ್ರಿ, ಯಾವ ಪ್ರಾಣಿ, ಯಾಕ ಬಂತು ಅಂತ. ತಡ ಆತಂದ್ರ ವಿಷ ಹಾಕಾಕಿನs. ತಮ್ಮಾ, ನೀನೂ ಹೋಗು. ಕಂಡಾಂವ ನೀನೊಬ್ಬನs."

ಕುಬೇರನ ಕಾಲಿಗೆ ಅದೇ ಕ್ಷಣದಲ್ಲಿ ಭಯಂಕರ ನೋವು ಬಂತು. ಮಹಾಶೂರರಿಗೆ ಹೀಗಾಗುವುದುಂಟು. ಅಕ್ಕ ಒಮ್ಮೆ ದುರುಗುಟ್ಟಿ ನೋಡಿದಳು, ನೋವು ಹೋಯಿತು.

ಬೆಳಕು ಹರಿಯುವಾಗ ಮೂವರೂ ಹೊರಟರು. ಹಾದಿಯಲ್ಲಿ ಸಿಕ್ಕ ಫಾರೆಸ್ಟ್ ಗಾರ್ಡಿಗೆ ಲಗಮಪ್ಪ ವಿಷಯ ತಿಳಿಸಿದ. ಹೆಗಲ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಎರಡು ಬಾಟಲಿ ನೀರು. ಆಯುಧವೆಂದರೆ ಥಾವರೆಪ್ಪನ ಊರುಗೋಲು. ಕಾಡು ಅಂದು ಎಷ್ಟು ದಟ್ಟವಾಗಿತ್ತೆಂದರೆ ಗಾಳಿ ಸಹ ಅಡ್ಡಡ್ಡ ತಿರುಗಿ ನುಸುಳಬೇಕಾಗಿತ್ತು. ಸಾಗವಾನಿಯ ಅಗಲ ಎಲೆಗಳು ಉದುರಿ ಕಾಲಡಿಗೆ ಹಪ್ಪಳ ಮುರಿದಂತೆ ಸದ್ದು ಮಾಡುತ್ತಿದ್ದವು. ಮೇಲೆ ಮಂಗಟ್ಟೆ ಹಕ್ಕಿಗಳ ಜೋಡಿಯೊಂದು ರೆಕ್ಕೆ ಬೀಸಿ ಹಾದುಹೋದಾಗ ಹಳೆಯ ಬಸ್ಸೊಂದು ಏದುಸಿರು ಬಿಡುತ್ತಾ ಘಟ್ಟ ಹತ್ತಿದ ಹಾಗೆ ಕೇಳಿಸಿತು. ತಗ್ಗಿನಲ್ಲಿ ಮಂಜು ಇನ್ನೂ ಏಳದೆ ಮಲಗಿತ್ತು.

ಮೊದಲು ಎದುರಾದದ್ದು ಹಳ್ಳ. ಆ ಹಳ್ಳದ ಆಳ ಏನು ಹೇಳಲಿ! ಅದರೊಳಗೆ ಕಲ್ಲು ಎಸೆದರೆ ಸದ್ದು ಮರುದಿನ ಕೇಳುತ್ತದೆ. ಸೆಳೆತಕ್ಕೆ ಆನೆಗಳೇ ಕೈ ಮುಗಿದು ಹಿಂದಿರುಗುತ್ತವೆ. ಕುಬೇರ ಎದೆಯೊಡ್ಡಿ ಮುಂದೆ ನಿಂತ.

"ಮೊಣಕಾಲ ಮಟ ನೀರಿಗೆ ಎಷ್ಟೊತ್ತು ನಿಂದರ್ತೀ? ದಾಟು" ಎಂದ ಲಗಮಪ್ಪ.

ಆಚೆ ದಂಡೆಯ ಹಸಿ ಕೆಸರಿನಲ್ಲಿ ಹೆಜ್ಜೆಗಳು ಮೂಡಿದ್ದವು. ಲಗಮಪ್ಪ ಕುಕ್ಕರುಗಾಲಲ್ಲಿ ಕುಳಿತು ಒಂದು ಹೆಜ್ಜೆಯ ಪಕ್ಕ ಕಡ್ಡಿಪೆಟ್ಟಿಗೆ ಇಟ್ಟ.

"ನೋಡು. ತೋಳದ ಹೆಜ್ಜಿ ಒಂದೂವರಿ ಪೆಟ್ಟಿಗಿ ಉದ್ದ ಬರ್ತೈತಿ. ಇದು ಬರೇ ಒಂದು ಪೆಟ್ಟಿಗಿ."

ಥಾವರೆಪ್ಪ ಸೋಲುವವನೇ? "ಮರಿ ತೋಳ ಇರಬೇಕು."

"ಹದಿನೇಳೂ ಮರಿನs?" ಲಗಮಪ್ಪ ಕುಬೇರನ ಕಡೆ ತಿರುಗಿದ. "ಏನೋ, ನಿನ್ನ ಮ್ಯಾಲೆ ಬಂದಿದ್ದು ಅಂಗನವಾಡಿ ತೋಳಾ ಏನ?"

ಕುಬೇರ ಬಗ್ಗಿ ಚಪ್ಪಲಿಯ ಕೆಸರು ಒರೆಸತೊಡಗಿದ. ವೀರರು ಕಡಿಮೆ ಮಾತನಾಡುತ್ತಾರೆ.

"ಹಂಗಾರ ಬೀದಿನಾಯಿ" ಎಂದ ಥಾವರೆಪ್ಪ.

"ಬೀದಿನಾಯಿ ಇಷ್ಟು ಒಳಗ ಬಂದು ಸಂಸಾರ ಮಾಡೂದಿಲ್ಲ. ಅದಕ್ಕ ನಿಮ್ಮ ತಾಂಡಾದ ತಿಪ್ಪಿ ಬೇಕು. ಸೀಳನಾಯಿ ಅಂತ ನನಗ ಅನಸ್ತೈತಿ."

"ಅದೊಂದು ಅಲ್ಲ ನೋಡು. ಸೀಳನಾಯಿ ನಮ್ಮ ದನಾ ಮುಟ್ಟಿದ್ದು ನನ್ನ ಜನ್ಮದಾಗ ಕಂಡಿಲ್ಲ. ಅದಕ್ಕ ಕಡವಿ ಐತಿ, ಚಿಗರಿ ಐತಿ. ಹೊಟ್ಟಿ ತುಂಬಿದಾಂವ ಮಂದಿ ಅಡಗಿ ಮನಿಗೆ ಯಾಕ ಬಂದಾನು?"

ಲಗಮಪ್ಪ ಕಡ್ಡಿಪೆಟ್ಟಿಗೆಯನ್ನು ಕಿಸೆಗೆ ಹಾಕಿಕೊಂಡು ಎದ್ದ. ಹೆಜ್ಜೆಗಳ ಹಿಂದೆ ನಡೆದರು.

ಬಿದಿರು ಮೆಳೆಯ ತಿರುವಿನಲ್ಲಿ ಥಾವರೆಪ್ಪ ಥಟ್ಟನೆ ಕೈ ಎತ್ತಿದ.

ಎದುರಿಗೆ ಕಾಡುಕೋಣ.

ಒಂಟಿ ಗಂಡು. ಇಪ್ಪತ್ತು ಹೆಜ್ಜೆ ದೂರ. ಮೂಗಿನಿಂದ ಬಿಸಿ ಉಸಿರು. ದಾರಿಯ ತುಂಬ ಅದೇ.

"ಅಲ್ಲಾಡಬ್ಯಾಡ್ರಿ" ಎಂದು ಪಿಸುಗುಟ್ಟಿದ ಥಾವರೆಪ್ಪ.

ಅದು ಒಂದು ಕಾಲು ಮುಂದಿಟ್ಟಿತು. ತಲೆ ತಗ್ಗಿಸಿತು. ಮುದುಕರಿಬ್ಬರೂ ಎರಡು ಹುತ್ತಗಳ ಹಾಗೆ ನಿಂತರು.

ಕೋಣ ಒಮ್ಮೆ ಫೂತ್ಕರಿಸಿ ಇಳಿಜಾರಿಗೆ ಧುಮುಕಿತು. ಬಿದಿರು ಲಟಲಟ ಮುರಿದು ಆಮೇಲೆ ಎಲ್ಲ ಶಾಂತವಾಯಿತು.

ಕುಬೇರ ಆಗ ಮತ್ತಿಮರದ ಮೇಲಿದ್ದ. ಶತ್ರುವನ್ನು ಎತ್ತರದಿಂದ ಗಮನಿಸುವುದು ಹಳೆಯ ಯುದ್ಧತಂತ್ರ.

"ಹದಿನೇಳು ತೋಳಕ್ಕ ಹೆದರದಾಂವ, ಇಳದ ಬರ್ರಿ" ಎಂದು ಲಗಮಪ್ಪ ಮರ್ಯಾದೆಯಿಂದ ಕರೆದ.

ಹೊತ್ತು ನೆತ್ತಿಗೆ ಬಂದಾಗ ಒಂದು ಸೀಟಿ ಕೇಳಿಸಿತು. ಸಣ್ಣಗೆ, ಉದ್ದಕ್ಕೆ, ಯಾರೋ ಗೆಳೆಯನನ್ನು ಕರೆದಂತೆ. ಇನ್ನೊಂದು ಕಡೆಯಿಂದ ಅದಕ್ಕೆ ಮರುಸೀಟಿ ಬಂತು. ಥಾವರೆಪ್ಪನ ಮುಖ ಸಡಿಲಾಯಿತು. ಸೋತವನ ಮುಖವಲ್ಲ, ಬಹಳ ವರ್ಷದ ಮೇಲೆ ಹಳೆಯ ನೆಂಟರ ದನಿ ಕೇಳಿದವನ ಮುಖ.

"ಸೀಳನಾಯಿನs. ನೀ ಗೆದ್ದಿ, ಲಗಮಪ್ಪಾ. ಊರಾಗ ಭಾಳ ಹೇಳಬ್ಯಾಡ."

ಮೂವರೂ ಗಾಳಿಗೆ ಎದುರಾಗಿ ತೆವಳಿಕೊಂಡು ಬಂಡೆಯ ಅಂಚಿಗೆ ಬಂದರು. ಕೆಳಗೆ ಕಲ್ಲಿನ ಪೊಟರೆಯೊಂದರ ಮುಂದೆ ಬಿಸಿಲು ಬಿದ್ದಿತ್ತು. ಆ ಬಿಸಿಲಲ್ಲಿ ಕಾವಿ ಮಣ್ಣಿನ ಬಣ್ಣದ ನಾಯಿಗಳು, ಕರಿಯ ಕುಚ್ಚಿನಂಥ ಬಾಲಗಳು. ನೂರಕ್ಕೆ ಕಡಿಮೆ ಇರಲಾರವು ಎಂದು ಕುಬೇರ ಅಂದಾಜು ಮಾಡಿದ. ಥಾವರೆಪ್ಪ ಬೆರಳು ಮಡಿಚಿ ಎಣಿಸಿದಾಗ ಯಾಕೋ ಐದೇ ಆದವು. ಪೊಟರೆಯಿಂದ ಮರಿಗಳ ಕುಂಯ್‌ಗುಟ್ಟುವ ಸದ್ದು ಬರುತ್ತಿತ್ತು. ಅವುಗಳಲ್ಲಿ ಹಿಂಗಾಲು ಕುಂಟುತ್ತಿದ್ದ ನಾಯಿಯೊಂದು ಪೊಟರೆಯ ಬಾಯಿಗೆ ಬಂದು, ತಿಂದದ್ದನ್ನು ಮರಿಗಳ ಮುಂದೆ ಕಾರಿತು. ಹಾಲೂಡಿಸುವ ತಾಯಿಯ ಪಕ್ಕೆಲುಬುಗಳನ್ನು ಮೇಲಿನಿಂದಲೇ ಎಣಿಸಬಹುದಾಗಿತ್ತು.

"ಮೈಮ್ಯಾಲೆ ಮಾಂಸನs ಇಲ್ಲ" ಎಂದ ಲಗಮಪ್ಪ ಮೆಲ್ಲಗೆ. "ಅಡವ್ಯಾಗ ಇಷ್ಟು ಕಡವಿ ಇದ್ದು ಯಾಕ ಹಿಂಗಾಗ್ಯಾವ?"

ಉತ್ತರ ಹಿಂದಿರುಗುವ ದಾರಿಯಲ್ಲಿ ಸಿಕ್ಕಿತು. ಥಾವರೆಪ್ಪ ಬೇಟೆನಾಯಿಯಂತೆ ಮೂಗು ಎತ್ತಿ ಲಂಟಾನಾ ಪೊದೆಯೊಳಗೆ ನುಗ್ಗಿದ. ಅಲ್ಲಿ ಕಡವೆಯೊಂದರ ಒಣಗಿದ ಎಲುಬಿನ ಗೂಡು. ಪಕ್ಕೆಲುಬು, ತಲೆ, ಕರುಳು ಬಿದ್ದ ಕಲೆ. ನಾಲ್ಕು ತೊಡೆಗಳೂ ಇರಲಿಲ್ಲ. ಕೀಲಿನ ಬಳಿ ಎಲುಬು ನೀಟಾಗಿ ತುಂಡಾಗಿತ್ತು.

ಲಗಮಪ್ಪ ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. "ಸೀಳನಾಯಿ ಕೊಡಲಿ ಹಿಡ್ಯಾಕ ಯಾವಾಗ ಕಲ್ತು?"

ಥಾವರೆಪ್ಪ ಆ ತುಂಡು ತೆಗೆದುಕೊಂಡು ಕಡಿದ ಅಂಚನ್ನು ಹೆಬ್ಬೆರಳಿನಿಂದ ಸವರಿದ. "ನಮ್ಮ ಕಾಲದಾಗ ನಾವೂ ತಂದೇವಿ" ಎಂದ ಕೊನೆಗೆ. "ಇವು ಬೇಟಿ ಹೊಡದಾಗ ಕೂಗು ಹಾಕಿ, ಕಲ್ಲು ಒಗದು ಓಡಸ್ತಿದ್ವಿ. ಆದರ ಒಂದು ತೊಡಿ ಅಷ್ಟ. ಉಳದದ್ದು ಅವರದು. ಮರಿ ಇದ್ದ ತಿಂಗಳ ಅದೂ ಇಲ್ಲ. ನಮ್ಮಪ್ಪ ಮುಟ್ಟಾಕ ಬಿಡ್ತಿರಲಿಲ್ಲ." ಅವನು ಕುಬೇರನ ಕಡೆ ನೋಡದೆಯೇ ಮುಂದುವರಿದ. "ಇಂವ ಪೂರಾ ಹೊತ್ತುಕೊಂಡು ಹೋಗ್ಯಾನ. ಅವು ಹಸದು ನಮ್ಮ ಕರುವಿಗೆ ಬಂದಾವ."

"ಯಾರಿದ್ದಾರು, ಕಾಕಾ?" ಎಂದು ಕುಬೇರ ಕೇಳಿದ. ಧ್ವನಿ ಸ್ವಲ್ಪ ಸಣ್ಣಗಾಗಿತ್ತು.

"ನಾ ಹೇಳೂದಿಲ್ಲ" ಎಂದ ಥಾವರೆಪ್ಪ.

ಹೊತ್ತು ಮುಳುಗಲು ಇನ್ನೂ ಒಂದು ಮಾರು ಇರುವಾಗ ತಾಂಡಾ ಮುಟ್ಟಿದರು. ಚಾಂದಿಬಾಯಿ ಕರುವಿನ ದೇಹದ ಬಳಿಯೇ ನಿಂತಿದ್ದಳು. ಡಬ್ಬಿಯ ಮುಚ್ಚಳ ತೆಗೆದಿತ್ತು. ಲಗಮಪ್ಪ ಹೆಜ್ಜೆಯ ಅಳತೆ, ಪೊಟರೆ, ಮರಿಗಳು, ಕಡಿದ ಎಲುಬು ಎಲ್ಲ ಹೇಳಿದ.

"ಇದ್ರ ಮ್ಯಾಲೆ ವಿಷ ಹಾಕಿದ್ರ ತಾಯಿ ಸಾಯ್ತೈತಿ, ಮರಿನೂ ಸಾಯ್ತಾವ, ನಿಮ್ಮ ತಾಂಡಾದ ನಾಯಿನೂ ಸಾಯ್ತಾವ, ತಂಗೀ. ಅವರ ಊಟ ಅವರಿಗೆ ಬಿಟ್ರ ಇತ್ತಾಗ ಬರೂದಿಲ್ಲ ಅನಸ್ತೈತಿ."

"ಹತ್ತು ದಿನಾ ಆಕಳ ಕಾಯಾಕ ಒಬ್ಬಾಂವ ಬೇಕು" ಎಂದ ಥಾವರೆಪ್ಪ. "ಆಮ್ಯಾಲೆ ನೋಡೂಣು."

ಚಾಂದಿಬಾಯಿ ಅವರಿಬ್ಬರನ್ನೂ ನೋಡುತ್ತಿರಲಿಲ್ಲ. ತಮ್ಮನನ್ನು ನೋಡುತ್ತಿದ್ದಳು.

"ಹದಿನೈದು ದಿನದ ಹಿಂದ ನನಗ ಮಟನ್ ತಂದುಕೊಟ್ಟಿದ್ದಿ. ದಾಂಡೇಲಿ ಸಂತ್ಯಾಗ ತಂದೆ, ಕುರಿದು ಅಂದಿ. ಎಲಬು ಇಷ್ಟು ದಪ್ಪ ಇತ್ತು" ಎಂದು ತನ್ನ ಮಣಿಕಟ್ಟು ತೋರಿಸಿದಳು. "ಕುರಿದು ಇಷ್ಟು ದಪ್ಪ ಇರ್ತೈತೇನೋ, ಕುಬೇರಾ?"

ಇಲ್ಲಿಯವರೆಗೆ ಕುಬೇರ, ಕುಬೇರ ಎಂದು ಹೇಳಿಕೊಂಡು ಬಂದೆ. ಇನ್ನು ಸಾಗುವುದಿಲ್ಲ. ಆ ಕುಬೇರ ನಾನೇ.

"ಮೂರು ಸಲ ತಂದೆ, ಅಕ್ಕಾ" ಎಂದೆ. "ಒಣಗಿಸಿ ಇಟ್ಟೇನಿ. ರಕ್ತ ಕಡವಿದು, ಅಂಗಿ ಹರದದ್ದು ಲಂಟಾನಾ ಮುಳ್ಳಿಗೆ. ಯಾರಾದ್ರೂ ಕೇಳ್ತಾರಂತ ತೋಳದ ಕತಿ ಕಟ್ಟಿದೆ. ಆದರ ಆ ಸೀಳನಾಯಿ ಏಳೆಂಟು ಇದ್ವು, ಬಾಯಿ ತಕ್ಕೊಂಡು ಮೈಮ್ಯಾಲೆ ಬಂದ್ವು."

ಅವಳು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. "ನನ್ನ ಕರು ಕೊಟ್ಟು ಉಂಡೆ ಅಂದಂಗಾತು" ಎಂದಷ್ಟೇ ಹೇಳಿ ಡಬ್ಬಿಯ ಮುಚ್ಚಳ ತಿರುವಿದಳು.

ಕರುವಿಗೆ ಗುಂಡಿ ತೋಡಿದ್ದು ನಾನು. ಮರುದಿನ ಒಣಮಾಂಸದ ಗಂಟು ಹೊತ್ತು ಗಾರ್ಡ್ ಸಾಹೇಬರ ಮುಂದೆ ನಿಂತವನೂ ನಾನೇ. ಅಲ್ಲಿ ಬಿದ್ದ ಬೈಗುಳ ಮತ್ತು ದಂಡದ ವಿಷಯದಲ್ಲಿ ಮಾತ್ರ ನಾನು ಉಬ್ಬಿಸಿ ಹೇಳುವುದಿಲ್ಲ. ಹತ್ತು ದಿನವೆಂದದ್ದು ಒಂದು ತಿಂಗಳಾಯಿತು. ಬೆಳಗಿನಿಂದ ಸಂಜೆಯವರೆಗೆ ಡಬ್ಬ ಬಡಿಯುತ್ತಾ ಅಕ್ಕನ ಆಕಳು ಕಾದೆ. ಎರಡು ಸಲ ದೂರದಲ್ಲಿ ಸೀಟಿ ಕೇಳಿತು, ಹತ್ತಿರ ಬರಲಿಲ್ಲ. ಕರು ಈಗ ಹಗ್ಗ ಕಿತ್ತುಕೊಂಡು ಓಡುವಷ್ಟು ಬೆಳೆದಿದೆ. ಮುದುಕರಿಬ್ಬರೂ ಭಾನುವಾರಕ್ಕೊಮ್ಮೆ ನಮ್ಮ ಕಟ್ಟೆಯ ಮೇಲೆ ಕೂತು ತೋಳ ಕೊಲ್ಲಬೇಕೋ ಬೇಡವೋ ಎಂದು ಈಗಲೂ ಜಗಳವಾಡುತ್ತಾರೆ.

ಮೊನ್ನೆ ಹಾಲು ಕರೆಯುತ್ತಾ, ತಲೆ ಎತ್ತದೆ, ಅಕ್ಕ ಕೇಳಿದಳು.

"ಆ ದಿನ ಖರೇನ ಎಷ್ಟಿದ್ವು?"

"ಏಳು."

ಹಾಲಿನ ಧಾರೆಯ ಸದ್ದು ನಿಂತಿತು.

"ಐದು, ಅಕ್ಕಾ. ಒಂದು ಕುಂಟ. ಮೈಮ್ಯಾಲೆ ಬರಲಿಲ್ಲ. ನಾ ಕಲ್ಲು ಒಗದೆ, ಸರದು ದೂರ ಕುಂತ್ವು. ನಾ ತೊಡಿ ಕಡಿಯೂದು ಮುಗಿಯೋ ಮಟ ಹಂಗs ನೋಡ್ಕೋತ ಕುಂತಿದ್ವು."