ಒಂದು ತೋಟಕ್ಕೆ ಎರಡು ಲಾರಿ

ಸುಗುಣಾಗೆ ನಾಲ್ಕು ಜನರೆದುರು ಮಾತಾಡುವ ಬಾಯಿ ಇರಲಿಲ್ಲ.

ಬೋರ್ಡಿನ ಮೇಲೆ ಅವಳು ಬರೆದಿದ್ದ ಆ್ಯಪಿನ ನಕ್ಷೆಯನ್ನು, ಹೊಸದಾಗಿ ಕೆಲಸಕ್ಕೆ ಸೇರಿದ ಶ್ರೀರಂಜನಿ ಮೊದಲ ದಿನವೇ ಒರೆಸಿಬಿಟ್ಟಳು.

"ಸಾರಿ... ಇದು ಬೇಕಿತ್ತಾ?"

ಬೇಕಿತ್ತು! ಆದರೆ ಸುಗುಣಾ ಬೇಡವೆಂದು ತಲೆಯಾಡಿಸಿದಳು.

ಹೊಸೂರಿನ ಆ ಪುಟ್ಟ ಆಫೀಸು ಮಾವಿನ ಮಂಡಿಯ ಚಿನ್ನಪ್ಪನವರದು. ಕೃಷ್ಣಗಿರಿ ಕಡೆಯ ತೋಟದವರು ಮೊಬೈಲಿನಲ್ಲಿ ಬುಕ್ ಮಾಡಿದರೆ ಲಾರಿ ಹೋಗಬೇಕು, ಅದಕ್ಕೊಂದು ಆ್ಯಪ್ ತಯಾರಾಗುತ್ತಿತ್ತು. ಬುಕಿಂಗ್ ಪುಟ ನೇರವಾಗಿ ಲಾರಿ ಪುಟವನ್ನು ಕರೆಯುವಂತೆ ಸುಗುಣಾ ಒಂದು ಸಾಲು ಕೋಡ್ ಬರೆದಿದ್ದಳು. ಶ್ರೀರಂಜನಿಯ ದಾರಿ ಬೇರೆ. ಯಾವ ಪುಟವೂ ಇನ್ನೊಂದನ್ನು ಕರೆಯಬಾರದು. ಬುಕಿಂಗ್ ಬಂದ ಸುದ್ದಿಯನ್ನು ನಡುವೆ ಒಂದು ಕಡೆ ಇಡಬೇಕು, ಬೇಕಾದ ಪುಟ ಅಲ್ಲಿಂದ ತೆಗೆದುಕೊಳ್ಳಬೇಕು. ತಮಿಳಿನಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಅರಳು ಹುರಿದಂತೆ ಹೇಳಿದಳು.

ತಂಡದ ಮುಖ್ಯಸ್ಥ ಮುನೀಶ್ ರೆಪ್ಪೆ ಮಿಟುಕಿಸದೆ ಕೇಳಿದ. ಸೂಳಗಿರಿಯಿಂದ ದಿನವೂ ಸುಗುಣಾಗೆ ಬಸ್ಸಿನಲ್ಲಿ ಸೀಟು ಹಿಡಿಯುವ ಮುನೀಶ್!

ಸಂಜೆ ಆಫೀಸಿನ ಗ್ರೂಪಿನಲ್ಲಿ ಅವನ ಮೆಸೇಜು ಬಂತು: "ಶ್ರೀರಂಜನಿ ಹೇಳಿದ ಹಾಗೇ ಮಾಡೋಣ. ಸುಗುಣಾ, ಹಳೇ ಸಾಲು ತೆಗೆದುಬಿಡು."

'ನನಗೆ ಒಂದು ಮಾತು ಹೇಳಲಿಲ್ಲ... ಐದು ಜನರ ಜೊತೆ ನಾನೂ ಓದಿಕೊಳ್ಳಬೇಕಾಯಿತು!'

ಮರುದಿನದಿಂದ ಅವಳು ಬೇರೆ ಬಸ್ಸು ಹತ್ತಿದಳು. ಮಧ್ಯಾಹ್ನ ಶ್ರೀರಂಜನಿಯ ಡಬ್ಬಿಯ ಪುಳಿಯೋಗರೆ ಮುನೀಶನ ತಟ್ಟೆಯಲ್ಲಿತ್ತು. ಚೆನ್ನಾಗಿಯೂ ಇತ್ತಂತೆ.

ಸುಗುಣಾ ಹೊಸ ಸಾಲು ಬರೆದಳು. ಹಳೆಯದನ್ನು ತೆಗೆಯಲಿಲ್ಲ.

'ಅವಳ ದಾರಿ ಒಂದಿನ ಕೈಕೊಡುತ್ತೆ. ಆವತ್ತು ನನ್ನ ಸಾಲೇ ಲಾರಿ ಕಳಿಸುತ್ತೆ. ಆಗ ಗೊತ್ತಾಗಲಿ ಅವನಿಗೆ!'

ಸುಗುಣಾಳ ಕೆಲಸವೆಂಬ ನಂಬಿಕೆಯಲ್ಲಿ ಮುನೀಶ್ ಪರೀಕ್ಷಿಸಲೂ ಇಲ್ಲ.

ಶ್ರೀರಂಜನಿಯ ದಾರಿ ಕೈಕೊಡಲಿಲ್ಲ. ಎರಡೂ ಕೆಲಸ ಮಾಡಿದವು.

ಹತ್ತನೇ ದಿನ, ಆ್ಯಪ್ ಶುರುವಾದ ಬೆಳಿಗ್ಗೆ, ಚಿನ್ನಪ್ಪ ಫೋನು ಹಿಡಿದು ಒಳಗೆ ನುಗ್ಗಿದರು.

"ಒಂದೊಂದು ತೋಟಕ್ಕೆ ಎರಡೆರಡು ಲಾರಿ ಹೋಗವೆ ಕಣ್ರಲಾ! ಆರು ತೋಟಕ್ಕೂ! ತೋಟದ ಅಂಜಮ್ಮ ಉಗೀತಾ ಅವ್ಳೆ, ಇರೋದು ಒಂದು ಲಾರಿ ಕಾಯಿ, ಇನ್ನೊಂದ್ರಾಗೆ ನನ್ನೇ ತುಂಬ್ಕೊಂಡು ಹೋಗ್ತೀರಾ ಅಂತ!"

ಶ್ರೀರಂಜನಿ ಹತ್ತು ನಿಮಿಷದಲ್ಲಿ ಆ ಸಾಲನ್ನು ಹಿಡಿದಳು. ಕೂಗಲಿಲ್ಲ. ಸುಗುಣಾಳ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು.

"ನನಗೆ ನಿಮ್ಮ ಮುನೀಶ್ ಬೇಡ ಕಣ್ರೀ. ಊಟಕ್ಕೆ ಕೂತ್ರೆ ನಿಮ್ಮ ಬಗ್ಗೇನೇ ಕೊರೀತಾರೆ. ಬಾಯಿ ಮುಚ್ಚಿಸೋಕೆ ಪುಳಿಯೋಗರೆ ಹಾಕಿದೆ. ಹೋಗಿ, ನೀವೇ ಹೇಳಿ."

ಸುಗುಣಾ ಮುನೀಶನ ಮೇಜಿನ ಮುಂದೆ ಹೋಗಿ ನಿಂತಳು.

"ಆ ಸಾಲು ಬಿಟ್ಟಿದ್ದು ನಾನೇ. ಬೇಕಂತ್ಲೇ."

"ಯಾಕೆ?"

"ಅವ್ಳು ಹೇಳಿದ್ದೆಲ್ಲಾ ನಿನ್ಗೆ ಇಷ್ಟ ಆಗ್ಬುಡ್ತು... ಹೊಟ್ಟೆ ಉರೀತು."

ಮುನೀಶ್ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದ.

"ಇವತ್ತು ಮೂರು ಪುಟ. ಮುಂದಿನ ಸೀಸನ್ನಿಗೆ ಇಪ್ಪತ್ತಾಗ್ತವೆ. ನೀನು ಒಂದಕ್ಕೊಂದು ಗಂಟು ಹಾಕ್ಕೊಂಡು ಹೋದ್ರೆ, ಬಿಚ್ಚೋಕೂ ನೀನೇ ಬೇಕು. ನಾಲ್ಕು ತಿಂಗ್ಳಿಂದ ಒಂದು ಭಾನುವಾರನಾದ್ರೂ ಮನೇಲಿದ್ದೀಯಾ? ನಿನ್ಗೊಂದು ಭಾನುವಾರ ಸಿಗ್ಲಿ ಅಂತ ಕಣೆ ನಾನು ಒಪ್ಕೊಂಡಿದ್ದು... ನನ್ಗೂ ಒಂದು ಸಿಗ್ಲಿ ಅಂತ."

"ಹಂಗಂತ ನನ್ಗೇ ಹೇಳ್ಬೇಕಿತ್ತು!"

"ನಿನ್ನ ಮುಖ ನೋಡ್ಕೊಂಡು ಹೇಳೋಕೆ ಧೈರ್ಯ ಸಾಲ್ಲಿಲ್ಲ."

"ಈಗ?"

"ಈಗ್ಲೂ ಇಲ್ಲ. ಆದ್ರೂ ಕೇಳ್ಬುಡ್ತೀನಿ. ನನ್ನ ಮದ್ವೆ ಆಗ್ತೀಯಾ?"

ಆಚೆ ಚಿನ್ನಪ್ಪ ಇನ್ನೂ ಫೋನಿನಲ್ಲಿ ಯಾರನ್ನೋ ಸಮಾಧಾನ ಮಾಡುತ್ತಿದ್ದರು. ಸುಗುಣಾ ಅವನ ಕೀಲಿಮಣೆಯನ್ನು ತನ್ನ ಕಡೆಗೆ ಎಳೆದುಕೊಂಡು ಆ ಸಾಲನ್ನು ಅಳಿಸಿದಳು.

"ಭಾನುವಾರ ಮನೆಗೆ ಬಾ. ಅಪ್ಪ ಇರ್ತಾರೆ."

"ಬತ್ತೀನಿ," ಎಂದ ಮುನೀಶ್.

ಕಳೆದುಹೋದದ್ದು: ಆರು ಲಾರಿಗಳ ಖಾಲಿ ಓಡಾಟ, ಅಂಜಮ್ಮನೆಂಬ ಒಬ್ಬ ಗಿರಾಕಿ, ಮಾತಿಲ್ಲದ ಒಂಬತ್ತು ದಿನ.