ಪರಮಶಿವಯ್ಯನವರ ವಸತಿಯಲ್ಲಿ ಒಂದು ಬೆಳಗ್ಗೆ

“ಲಿಂಗ ಎಲ್ಲವ್ವ ನಿಂದು?”

ನೀರು ಹುಯ್ಯಲು ಎತ್ತಿದ ಗುರುಸಿದ್ದಮ್ಮನ ಚೊಂಬು ಅಲ್ಲೇ ನಿಂತಿತು. ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಚಿಕ್ಕಲಕ್ಷ್ಮಿ ಕಣ್ಣಿಗಿಳಿದ ನೀರನ್ನು ಒರೆಸಿಕೊಂಡು ಮೇಲೆ ನೋಡಿದಳು. ಪಕ್ಕದಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ ಗಂಗಾಂಬಿಕೆಯ ಕೈ ತಾನಾಗಿ ತನ್ನ ಕೊರಳಿಗೆ ಹೋಯಿತು. ಅವಳ ಕೊರಳಲ್ಲಿ ಶಿವದಾರವಿತ್ತು. ದಾರದ ತುದಿಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಲಿಂಗವಿತ್ತು. ಹುಟ್ಟಿದ ಕೆಲವೇ ದಿನಕ್ಕೆ ಕಟ್ಟಿದ್ದು; ಅವಳ ಮನೆಯಲ್ಲಿ ಎಲ್ಲರಿಗೂ ಹಾಗೆಯೇ. ಚಿಕ್ಕಲಕ್ಷ್ಮಿಯ ಕೊರಳಲ್ಲಿ ಒಂದು ಗಾಜಿನ ಮಣಿಸರ ಬಿಟ್ಟರೆ ಏನೂ ಇರಲಿಲ್ಲ.

ಇರುವುದಾದರೂ ಹೇಗೆ? ಚಿಕ್ಕಲಕ್ಷ್ಮಿ, ಎಲ್ಲರ ಬಾಯಲ್ಲಿ ಚಿಕ್ಕಿ, ಹಳ್ಳಿಮೈಸೂರಿನ ಗೌಡರ ಕೆಂಪಣ್ಣನ ಮಗಳು. ಅವರ ಮನೆಯಲ್ಲಿ ಯಾರೂ ಲಿಂಗ ಕಟ್ಟುವುದಿಲ್ಲ.

ಅವಳು ಈ ವಸತಿಗೆ ಬಂದದ್ದು ಸ್ಕಾಲರ್‌ಷಿಪ್ ಪರೀಕ್ಷೆಗೆಂದು. ಅವರ ಸ್ಕೂಲಿನಿಂದ ಗಂಗೆ, ಚಿಕ್ಕಿ ಇಬ್ಬರೇ ಆಯ್ಕೆಯಾಗಿದ್ದರು. ಪರೀಕ್ಷೆ ಹಾಸನದಲ್ಲಿ, ಬೆಳಗ್ಗೆ ಹತ್ತಕ್ಕೆ. ಹಿಂದಿನ ದಿನವೇ ಟ್ರೈನು ಹತ್ತಬೇಕು. ಕೆಂಪಣ್ಣನ ಕಾಲನ್ನು ಎತ್ತು ತುಳಿದು ಪಾದ ಊದಿಕೊಂಡಿತ್ತು. ಅವನು ಗಂಗೆಯ ಅಪ್ಪ ಚನ್ನಬಸವಯ್ಯನವರ ಅಂಗಡಿಗೆ ಕುಂಟುತ್ತ ಬಂದು, ತನ್ನ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಬೇಕೆಂದು ಕೇಳಿಕೊಂಡಿದ್ದ. ಸ್ಕಾಲರ್‌ಷಿಪ್ ಬಂದರೆ ಹುಡುಗಿ ಓದಲಿ, ಬರದಿದ್ದರೆ ಮನೆಯಲ್ಲಿರಲಿ ಎಂದು ಅವನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ. ಗಂಗೆಗೆ ಆ ಚಿಂತೆಯಿರಲಿಲ್ಲ. ಬಂದರೂ ಬರದಿದ್ದರೂ ಅವಳು ಓದುವವಳೇ.

ಯುದ್ಧದ ಕಾಲ. ಹಾಸನದ ಛತ್ರದ ತುಂಬ ಪಟಾಲಮ್ಮಿಗೆ ಸೇರುವವರು ಬೀಡುಬಿಟ್ಟಿದ್ದರು. ಚನ್ನಬಸವಯ್ಯನವರು ಮೆಣಸಿನಕಾಯಿ ವ್ಯಾಪಾರಕ್ಕೆ ಬಂದಾಗಲೆಲ್ಲ ಇಳಿಯುತ್ತಿದ್ದುದು ಪೇಟೆಯ ಪರಮಶಿವಯ್ಯನವರ ವಸತಿಯಲ್ಲಿ. ಒಂದು ಉದ್ದನೆಯ ಹಜಾರ, ಅದಕ್ಕೆ ಅಡ್ಡಡ್ಡಲಾಗಿ ಬಿದಿರ ತಟ್ಟಿ. ಒಂದೊಂದು ತಟ್ಟಿಯ ಹಿಂದೆ ಒಂದು ಮಂಚ, ಒಂದು ಗೂಟ, ಒಂದು ನೀರಿನ ಚೊಂಬು. ಕಾಲು ಚಾಚಿದರೆ ತಟ್ಟಿಗೆ ತಗಲುತ್ತಿತ್ತು. ಪಕ್ಕದವರು ಗೊರಕೆ ಹೊಡೆದರೆ ತಟ್ಟಿಯೇ ನಡುಗುತ್ತಿತ್ತು. ಆದರೆ ಚೊಕ್ಕಟ. ಲಿಂಗವಂತ ವ್ಯಾಪಾರಸ್ಥರಿಗೆ ಮಾತ್ರ ಎಂದು ಬಾಗಿಲ ಮೇಲೆ ಹಲಗೆಯಿತ್ತು.

ಆ ಹಲಗೆಯ ಕೆಳಗೆ ನಿಂತು ಅಪ್ಪ ನಿನ್ನೆ ಸಂಜೆ ಇಬ್ಬರೂ ತನ್ನ ಮಕ್ಕಳೇ ಎಂದರು. ರಿಜಿಸ್ಟರಿನಲ್ಲಿ ಗಂಗಾಂಬಿಕೆ, ಚಿಕ್ಕಿಯ ಹೆಸರಿಗೆ ಪ್ರೇಮಕುಮಾರಿ ಎಂದು ಬರೆಸಿದರು. ಬರುವ ದಾರಿಯಲ್ಲೇ ಚಿಕ್ಕಿಯ ಹಣೆಗೆ ವಿಭೂತಿ ಬಳಿದು, ತನ್ನನ್ನು ಅಪ್ಪ ಎಂದೇ ಕರೆಯಬೇಕೆಂದು ಹೇಳಿಕೊಟ್ಟಿದ್ದರು. ಚಿಕ್ಕಿಗೆ ಅದು ನಾಲಿಗೆಗೆ ಬರಲಿಲ್ಲ. ಒಂದು ಸಲ “ಅಪ್ಪ ಯಜಮಾನ್ರೇ” ಅಂದುಬಿಟ್ಟಿದ್ದಳು. ಇಬ್ಬರೂ ಬಾಯಿಗೆ ಲಂಗ ಒತ್ತಿಕೊಂಡು ನಕ್ಕಿದ್ದರು. ರಾತ್ರಿ ಊಟದ ಪಂಕ್ತಿಗೆ ಹೋಗದೆ, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಕೋಣೆಗೇ ಎರಡು ಎಲೆ ತರಿಸಿದ್ದಾಗಿತ್ತು. ಅಪ್ಪ ಎಲ್ಲವನ್ನೂ ಯೋಚಿಸಿದ್ದರು. ಅಡಿಗೆ ಮಾಡುವ ಗುರುಸಿದ್ದಮ್ಮ, ತಾಯಿಯಿಲ್ಲದೆ ಬಂದ ಮಕ್ಕಳೆಂದು ಬೆಳಗ್ಗೆ ತಾವೇ ಕರೆದು ನೀರು ಹಾಕುತ್ತಾರೆಂದು ಮಾತ್ರ ಯೋಚಿಸಿರಲಿಲ್ಲ.

“ಕೇಳ್ತಿರೋದು ನಿನ್ನನ್ನೇ ಮಗಾ. ಲಿಂಗ ಎಲ್ಲಿ?”

ಚಿಕ್ಕಿ ಚುರುಕು ಹುಡುಗಿ. ಮೇಷ್ಟ್ರು ಲೆಕ್ಕ ಹೇಳಿ ಮುಗಿಸುವಷ್ಟರಲ್ಲಿ ಉತ್ತರ ಹೇಳುವವಳು. ಈಗಲೂ ತಡಮಾಡಲಿಲ್ಲ.

“ಕಳ್ದೋಯ್ತು,” ಅಂದಳು.

ಪೆನ್ಸಿಲ್ ಕಳೆದುಹೋಯಿತು, ರಿಬ್ಬನ್ ಕಳೆದುಹೋಯಿತು ಎನ್ನುವ ಹಾಗೆ ಅಂದುಬಿಟ್ಟಿದ್ದಳು ಚಿಕ್ಕಿ. ಅವಳಿಗೆ ಗೊತ್ತಿರಲಿಲ್ಲ. ಲಿಂಗ ಕಳೆದುಕೊಂಡವರು ಅದು ಸಿಗುವವರೆಗೆ, ಇಲ್ಲವೇ ಹೊಸದು ಕಟ್ಟುವವರೆಗೆ ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕುವುದಿಲ್ಲ. ಅವರಿದ್ದ ಮನೆಯಲ್ಲಿ ಉಳಿದವರೂ ಎಲೆಯ ಮುಂದೆ ಕೂರುವುದಿಲ್ಲ.

ಗುರುಸಿದ್ದಮ್ಮ ಚೊಂಬನ್ನು ಕೆಳಗಿಟ್ಟರು. ಅವರ ಮುಖ ಬೂದಿಯಂತಾಗಿತ್ತು. ರಾತ್ರಿ ಇತ್ತೇ ಎಂದು ಮೆಲ್ಲಗೆ ಕೇಳಿದರು. ಇತ್ತು ಅಂದಳು ಚಿಕ್ಕಿ. ಈ ಬಚ್ಚಲಿಗೆ ಬಂದಾಗ ಇತ್ತೇ? ಅದಕ್ಕೂ ಹೂಂ ಅಂದಳು.

ಅಷ್ಟು ಸಾಕಾಯಿತು. ಗುರುಸಿದ್ದಮ್ಮ ಸೆರಗು ಕಟ್ಟಿ ಬಚ್ಚಲ ಮೋರಿಗೇ ಕೈ ಹಾಕಿದರು.

ಸ್ವಲ್ಪ ಹೊತ್ತಿನಲ್ಲಿ ವಸತಿಯೆಲ್ಲ ಎದ್ದು ನಿಂತಿತು. ಉಪ್ಪಿಟ್ಟಿನ ಎಲೆಯ ಮುಂದೆ ಕೂತಿದ್ದವರು ಎಲೆ ಬಿಟ್ಟು ಎದ್ದರು. ಒಬ್ಬರು ಚಾಪೆ ಕೊಡವಿದರು, ಒಬ್ಬರು ಮಂಚದ ಕೆಳಗೆ ತೆವಳಿದರು. ಅರಕಲಗೂಡಿನ ಜವಳಿ ವ್ಯಾಪಾರಿಯೊಬ್ಬರು ಟ್ರೈನಿಗೆ ಹೊರಟವರು, ಗಂಟನ್ನು ಗೋಡೆಗೊರಗಿಸಿ, ಪಂಚೆ ಎತ್ತಿಕಟ್ಟಿಕೊಂಡು ಮೋರಿಯ ಕೆಸರನ್ನು ಬುಟ್ಟಿಯಲ್ಲಿ ಎತ್ತಿ ಸೋಸತೊಡಗಿದರು. ಅವರ ಟ್ರೈನು ಕೂಗಿಕೊಂಡು ಹೋದದ್ದು ಎಲ್ಲರಿಗೂ ಕೇಳಿಸಿತು. ಅವರು ತಲೆಯೆತ್ತಲಿಲ್ಲ.

ಚಿಕ್ಕಿ ಗಂಗೆಯ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು. “ಇದ್ಯಾಕೆ ಗಂಗೂ, ಎಲ್ರೂ ಇಂಗಾಡ್ತಾವ್ರೆ?”

ಗಂಗೆ ಅಪ್ಪನನ್ನು ನೋಡಿದಳು. ಅಪ್ಪನೂ ಎಲ್ಲರ ಜೊತೆ ಬಗ್ಗಿ ಹುಡುಕುತ್ತಿದ್ದರು! ಸಿಗುವುದಿಲ್ಲವೆಂದು ಗೊತ್ತಿದ್ದೂ ಹಾಸಿಗೆಯನ್ನು ಮಗುಚಿ ಹಾಕುತ್ತಿದ್ದರು.

ಒಂಬತ್ತು ಹೊಡೆಯಿತು. ಪರೀಕ್ಷೆ ನಡೆಯುವ ಸ್ಕೂಲಿಗೆ ಅರ್ಧ ಗಂಟೆಯ ನಡಿಗೆ. ಗಂಗೆ ಅಪ್ಪನ ಅಂಗಿಯ ತುದಿ ಎಳೆದು ಹೊತ್ತಾಯಿತೆಂದಳು. ಅದನ್ನು ಕೇಳಿಸಿಕೊಂಡ ಪರಮಶಿವಯ್ಯನವರು, ಕೊರಳಲ್ಲಿ ಲಿಂಗವಿಲ್ಲದ ಮಗುವನ್ನು ಹೊಸಿಲು ದಾಟಿಸುವ ಮಾತೇ ಬೇಡ, ಅಯ್ನೋರಿಗೆ ಹೇಳಿಕಳಿಸಿದ್ದೇನೆ, ಅವರು ಬಂದು ಹೊಸ ಲಿಂಗ ಕಟ್ಟಲಿ, ಆಮೇಲೆ ಹೋಗಲಿ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸ್ವಂತ ಮೊಮ್ಮಗಳ ಮಾತಾಡಿದ ಹಾಗಿತ್ತು.

ಅಯ್ನೋರು ದೊಡ್ಡಯ್ಯನವರು ಬಂದರು. ಬಹಳ ಮುದುಕರು. ಕೋಲೂರಿಕೊಂಡು ಬಂದು, ಮಣೆಯ ಮೇಲೆ ಕೂತು, ಕೆಂಪು ವಸ್ತ್ರದಿಂದ ಒಂದು ಹೊಸ ಲಿಂಗವನ್ನೂ ದಾರವನ್ನೂ ತೆಗೆದಿಟ್ಟರು. ಚಿಕ್ಕಿಯನ್ನು ಎದುರಿಗೆ ಕೂರಿಸಿದರು. ಅವಳು ಒದ್ದೆ ಕೂದಲಲ್ಲೇ ಕೂತಳು. ಈಗ ಅವಳಿಗೂ ಏನೋ ಅರ್ಥವಾಗಿತ್ತು.

ಗಂಗೆಗೆ ಗೊತ್ತಿತ್ತು, ಆ ದಾರ ಕೊರಳಿಗೆ ಬಿದ್ದರೆ ಆಟವಲ್ಲ. ಊರಿಗೆ ಹೋಗಿ ಬಿಚ್ಚಿ ಗೂಟಕ್ಕೆ ನೇತುಹಾಕುವ ಹಾಗಿಲ್ಲ. ಕೆಂಪಣ್ಣನ ಮುಂದೆ ಅಪ್ಪ ಏನೆಂದು ನಿಲ್ಲುತ್ತಾರೆ? ಅವಳು ಮತ್ತೆ ಅಪ್ಪನನ್ನು ನೋಡಿದಳು. ಅಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಅವರು ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದಳು. ದೊಡ್ಡಯ್ಯನವರು ದಾರವನ್ನು ಬಿಡಿಸಿ ಎರಡು ಕೈಯಲ್ಲಿ ಹಿಡಿದರು. ಅಪ್ಪ ಹೇಳಲಿಲ್ಲ.

“ಅಯ್ನೋರೇ, ಕಟ್ಬೇಡಿ,” ಅಂದಳು ಗಂಗೆ. “ಅವ್ಳು ನಮ್ಮೋಳಲ್ಲ.”

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ಗಂಗೆಗೆ. ಜವಳಿ ವ್ಯಾಪಾರಿ ತನ್ನ ಕೆಸರು ಕೈಗಳನ್ನು ನೋಡಿಕೊಂಡರು. ಪರಮಶಿವಯ್ಯನವರು ರಿಜಿಸ್ಟರು ತೆಗೆದು, ಮೂರು ಹೆಸರಿನ ಮೇಲೂ ಗೀಟು ಹಾಕಿದರು.

“ಹದ್ನೈದು ವರ್ಷದಿಂದ ಬತ್ತಿದ್ದೀರಿ, ಚನ್ನಬಸವಯ್ನೋರೆ,” ಅಂದರು. “ಒಂದಿನಾನೂ ನಿಮ್ಮ ಮಾತಿಗೆ ಸಾಕ್ಷಿ ಕೇಳ್ನಿಲ್ಲ ನಾನು.”

ಅಪ್ಪ ಹೋಗಿ ಗೂಟದಿಂದ ಗಂಟನ್ನು ಇಳಿಸಿಕೊಂಡರು.

ಗುರುಸಿದ್ದಮ್ಮ ಕೋಣೆಗೆ ಹೋಗಿ, ರಾತ್ರಿ ಚಿಕ್ಕಿ ನೀರು ಕುಡಿದಿದ್ದ ಚೊಂಬನ್ನು ಕಡ್ಡಿಯ ತುದಿಗೆ ಸಿಕ್ಕಿಸಿ ತಂದು ಹಿತ್ತಿಲ ಬೂದಿಗುಂಡಿಯ ಪಕ್ಕದಲ್ಲಿಟ್ಟರು. ಮೊಣಕೈವರೆಗೂ ಮೋರಿಯ ಕೆಸರು ಮೆತ್ತಿದ್ದ ಅದೇ ಕೈಗಳು. ಒಲೆಯ ಬೆಂಕಿ ನಂದಿಸಿದರು. ಆಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತು, ಸದ್ದಿಲ್ಲದೆ ಅತ್ತರು. ಚಿಕ್ಕಿ ಅವರನ್ನೇ ನೋಡುತ್ತ ನಿಂತಿದ್ದಳು. ಸ್ವಲ್ಪ ಮುಂಚೆ ತನ್ನ ಬೆನ್ನು ಉಜ್ಜಿದವರು ಇವರೇನಾ ಎನ್ನುವ ಹಾಗೆ.

ದೊಡ್ಡಯ್ಯನವರು ಲಿಂಗವನ್ನು ವಸ್ತ್ರದಲ್ಲಿ ಸುತ್ತಿಟ್ಟುಕೊಂಡು ಎದ್ದರು. “ಮಕ್ಕಳಿಗೆ ಪರೀಕ್ಷೆ ಅದೆಯಂತೆ. ಬಿಡಿ, ಓಗ್ಲಿ,” ಅಂದರು. ಆ ವಸತಿಯಲ್ಲಿ ಆ ಹೊತ್ತಿಗೆ ಅಷ್ಟು ಹೇಳಿದವರು ಅವರೊಬ್ಬರೇ.

ಗಂಟು ಹೊತ್ತುಕೊಂಡು ಮೂವರೂ ಬೀದಿಗಿಳಿದರು. ಅಪ್ಪ ಮುಂದೆ, ಅವರ ಹಿಂದೆ ಗಂಗೆ, ಹತ್ತು ಮಾರು ದೂರದಲ್ಲಿ ಚಿಕ್ಕಿ. ಅರ್ಧ ನಡೆದು, ಅರ್ಧ ಓಡಿ ಸ್ಕೂಲಿನ ಗೇಟು ಮುಟ್ಟಿದಾಗ ಬೆಲ್ಲು ಹೊಡೆದಾಗಿತ್ತು. ಮೇಷ್ಟ್ರೊಬ್ಬರು ಗದರಿ ಒಳಗೆ ಬಿಟ್ಟರು. ಇಬ್ಬರೂ ಖಾಲಿ ಹೊಟ್ಟೆಯಲ್ಲೇ ಲೆಕ್ಕದ ಪೇಪರು ಬರೆದರು.

ಮಧ್ಯಾಹ್ನ ಅಪ್ಪ ಬಾಳೆಹಣ್ಣು, ಕಡ್ಲೆಪುರಿ ತಂದುಕೊಟ್ಟು, ತಾವು ತಿನ್ನದೆ ದೂರದ ಕಟ್ಟೆಗೆ ಹೋಗಿ ಕೂತರು. ಗಂಗೆ ತನ್ನ ಪಾಲಿನಿಂದ ಒಂದು ಹಣ್ಣನ್ನು ತೆಗೆದು ಚಿಕ್ಕಿಯ ಕಡೆಗೆ ಸರಿಸಿದಳು. ಚಿಕ್ಕಿ ಮುಟ್ಟಲಿಲ್ಲ. ತನ್ನ ಪಾಲಿನ ಪುರಿಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

“ನಾನ್ ಹೇಳ್ದೇ ಇದ್ದಿದ್ರೆ ನಿಂಗೆ ಲಿಂಗ ಕಟ್ಬುಡೋರು ಕಣೇ,” ಅಂದಳು ಗಂಗೆ.

“ಗೊತ್ತು.”

“ಪರೀಕ್ಷೇನೂ ತಪ್ಪೋಗೋದು.”

“ಗೊತ್ತು ಅಂದ್ನಲ್ಲ.” ಚಿಕ್ಕಿ ಇನ್ನೊಂದು ಪುರಿ ಬಾಯಿಗೆ ಹಾಕಿಕೊಂಡಳು. “ಗೌಡರ ಹುಡುಗಿ ಅನ್ಬೋದಿತ್ತು. ಕೆಂಪಣ್ಣನ ಮಗಳು ಅನ್ಬೋದಿತ್ತು. ನೀನು ನಮ್ಮೋಳಲ್ಲ ಅಂದ್ಬುಟ್ಟೆ.”

ಅದು ನಿಜವೇ ಅಲ್ಲವೇ ಎನ್ನಬೇಕೆಂದುಕೊಂಡಳು ಗಂಗೆ. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಚಿಕ್ಕಿ ಕೈ ಕೊಡವಿಕೊಂಡು ಎದ್ದು ಹೋದಳು.

ಒಳಗೆ ನಂಬರಿನ ಪ್ರಕಾರ ಕೂರಿಸಿದ್ದರು. ಗಂಗೆಯ ಬೆಂಚಿನಿಂದ ಚಿಕ್ಕಿಯ ಬೆನ್ನು ಮಾತ್ರ ಕಾಣುತ್ತಿತ್ತು. ಕನ್ನಡದ ಪೇಪರು ಸುಲಭವಿತ್ತು. ನಿಮ್ಮ ಗೆಳತಿಯ ಮನೆಯ ಬಗ್ಗೆ ಹತ್ತು ಸಾಲು ಬರೆಯಿರಿ ಎಂದು ಕೇಳಿದ್ದರು.

ಗಂಗೆ ಲೇಖನಿಯನ್ನು ಮಸಿಗೆ ಅದ್ದಿದಳು. ಚಿಕ್ಕಿಯ ಮನೆಯ ಜಗಲಿ ನೆನಪಾಯಿತು. ಲೆಕ್ಕ ಹೇಳಿಸಿಕೊಳ್ಳಲು ದಿನವೂ ಸಂಜೆ ಅವಳು ಹೋಗಿ ಕೂರುತ್ತಿದ್ದ ಜಾಗ. ಚಿಕ್ಕಿಯ ಅವ್ವ ಕಾಮಾಕ್ಷಮ್ಮ ಒಳಗಿನಿಂದ ಮಜ್ಜಿಗೆ ತಂದು ನಿಲ್ಲುತ್ತಿದ್ದರು. ಗಂಗೆ, ಲಿಂಗವಿಲ್ಲದವರ ಮನೆಯಲ್ಲಿ ಏನೂ ಕುಡಿಯಬಾರದೆಂದು ತನ್ನ ಅವ್ವ ಹೇಳಿಕೊಟ್ಟಿದ್ದಂತೆ, ಬಾಯಾರಿಕೆಯಿಲ್ಲ ಅನ್ನುತ್ತಿದ್ದಳು. ಬೇಸಿಗೆಯಲ್ಲೂ ಅನ್ನುತ್ತಿದ್ದಳು, ಓಡಿಬಂದು ಏದುಸಿರು ಬಿಡುತ್ತಿದ್ದಾಗಲೂ ಅನ್ನುತ್ತಿದ್ದಳು. ಕಾಮಾಕ್ಷಮ್ಮ ಒಂದು ದಿನವೂ ಬಲವಂತ ಮಾಡಿದವರಲ್ಲ. ಆ ಲೋಟವನ್ನು ಚಿಕ್ಕಿಯ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದರು. ಚಿಕ್ಕಿ ಆ ಕಡೆ ತಿರುಗಿ ಕುಡಿಯುತ್ತಿದ್ದಳು.

ಅವರು ತನ್ನ ಮಾತನ್ನು ನಂಬಿದ್ದಾರೆಂದೇ ಗಂಗೆ ಇಷ್ಟು ದಿನ ತಿಳಿದಿದ್ದಳು.

ಲೇಖನಿಯ ತುದಿಯಿಂದ ಮಸಿಯ ಒಂದು ಹನಿ ಕಾಗದದ ಮೇಲೆ ಬಿತ್ತು. ಮುಂದಿನ ಸಾಲಿನಲ್ಲಿ ಚಿಕ್ಕಿ ತಲೆ ತಗ್ಗಿಸಿ ಬರೆಯುತ್ತಲೇ ಇದ್ದಳು. ಈಗಲೇ ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂರಬೇಕೆನ್ನಿಸಿತು. ಆದರೆ ಜಾಗ ಬಿಟ್ಟು ಏಳುವ ಹಾಗಿರಲಿಲ್ಲ, ಮಾತಾಡುವ ಹಾಗಿರಲಿಲ್ಲ. ಪೇಪರು ಮುಗಿಯಲು ಇನ್ನೂ ಬಹಳ ಹೊತ್ತಿತ್ತು.